ಒಂದೇ ಸೀಟಿನ ಗಾಡಿಗಳು

ನಮ್ಮೂರಿನಲ್ಲಿ ಯಾರ ಮನೆಗೆ ಹೋದರೂ ಕೂರಲು ಕಾರಿನ ಸೀಟು ತೋರಿಸುತ್ತಾರೆ. ಗಾಡಿ ಕೊಂಡ ದಿನವೇ ಡ್ರೈವರ್ ಸೀಟೊಂದನ್ನು ಬಿಟ್ಟು ಉಳಿದದ್ದನ್ನೆಲ್ಲ ಬಿಚ್ಚಿ ಜಗಲಿಗೆ ತಂದಿಡುವುದು ಇಲ್ಲಿಯ ಪದ್ಧತಿ. ಹಾಗೆ ಬಿಚ್ಚಿದ ಸೀಟುಗಳಿಗೆ ಮರದ ಕಾಲು ಕೂರಿಸಿ, ಹೊಸ ರೆಕ್ಸಿನ್ ಹೊಲಿದು ಕೊಡುವುದು ನನ್ನ ಗಂಡ ತಿಮ್ಮರಾಜು ಅವರ ಕಸುಬು. ಊರಿನವರಿಗೆ ಗಾಡಿ ಓಡಿಸಲು ಕಲಿಸುವುದು ನನ್ನ ಕಸುಬು. ಊರಿನಿಂದ ಹೊರಗೆ ಹೋಗಲು ಜೌಗಿನ ಮಧ್ಯೆ ಹಾದುಹೋಗುವ ಏರಿ ರಸ್ತೆ ಒಂದೇ ಇರುವುದು. ಆ ರಸ್ತೆಯಲ್ಲಿ ಒಂದು ಗಾಡಿಯಲ್ಲಿ ಇಬ್ಬರು ಹೋದರೆ ಒಬ್ಬರೇ ತಲುಪುತ್ತಾರೆ.

ನಾನು ಚಿಕ್ಕವಳಿದ್ದಾಗ ಜವಳಿ ಅಂಗಡಿಯ ಅಣ್ಣತಮ್ಮಂದಿರು ಪಂತ ಕಟ್ಟಿ ಒಟ್ಟಿಗೆ ಹೋದರು. ಆಚೆ ದಡ ಮುಟ್ಟಿದವನು ತಮ್ಮ ಒಬ್ಬನೇ. ಪಕ್ಕದ ಸೀಟಿನ ಬೆಲ್ಟು ಹಾಕಿದ ಹಾಗೇ ಇತ್ತು. "ಅಣ್ಣ ಮಾತಾಡ್ತಾ ಇದ್ದ. ಆಮೇಲೆ ನೋಡಿದ್ರೆ ನಾನೊಬ್ಬನೇ ಮಾತಾಡ್ತಾ ಇದ್ದೆ" ಎಂದಷ್ಟೇ ಅವನು ಸಾಯುವವರೆಗೂ ಹೇಳಿದ್ದು. ವಕೀಲರೊಬ್ಬರು ಹೆಂಡತಿಯನ್ನು ಕೂರಿಸಿಕೊಂಡು ಅರ್ಧ ದಾರಿ ಹೋಗಿ, ಹೆದರಿ ಗಾಡಿ ತಿರುಗಿಸಿಕೊಂಡು ಬಂದರು. ರಸ್ತೆ ಶುರುವಾಗುವಲ್ಲಿರುವ ನಮ್ಮೂರ ಗೇಟಿನಲ್ಲಿ ಬಂದು ಇಳಿದದ್ದು ಹೆಂಡತಿ. ಆಕೆಗೆ ಗಾಡಿ ಓಡಿಸಲೂ ಬರುತ್ತಿರಲಿಲ್ಲ. ದೋಣಿ, ಎತ್ತಿನ ಗಾಡಿ, ಒಂದರ ಹಿಂದೆ ಒಂದನ್ನು ಹಗ್ಗ ಕಟ್ಟಿ ಎಳೆಯುವುದು, ಎಲ್ಲ ನೋಡಿ ಆಗಿದೆ. ಹಗ್ಗ ಕಟ್ಟಿದರೆ ಎರಡೂ ಒಂದೇ ಗಾಡಿಯೆಂದು ಜೌಗು ಎಣಿಸುತ್ತದೆ. ನಡೆದು ಹೊರಟವರನ್ನು ಎಣಿಸುವ ತೊಂದರೆ ಅದಕ್ಕಿಲ್ಲ, ಅವರನ್ನು ಮೊಸಳೆಗಳೇ ನೋಡಿಕೊಳ್ಳುತ್ತವೆ.

ಬದುಕುವುದಕ್ಕೆ ಇದೇನೂ ಅಡ್ಡಿಯಾಗಿಲ್ಲ ಎಂದು ನಮ್ಮವರು ಹೇಳುತ್ತಾರೆ. ಮದುವೆ ದಿಬ್ಬಣದಲ್ಲಿ ಗಂಡಿಗೊಂದು ಗಾಡಿ, ಹೆಣ್ಣಿಗೊಂದು ಗಾಡಿ. ಮಕ್ಕಳ ಕಾಲು ಬ್ರೇಕಿಗೆ ಎಟುಕಿದ ದಿನ ಮನೆಯಲ್ಲಿ ಹೋಳಿಗೆ. ಕಾಯಿಲೆ ಬಿದ್ದವರು ತಾವೇ ಓಡಿಸಿಕೊಂಡು ಆಚೆ ದಡದ ಆಸ್ಪತ್ರೆಗೆ ಹೋಗಬೇಕು, ಓಡಿಸಲಾಗದಷ್ಟು ಕಾಯಿಲೆ ಬಿದ್ದವರು ಇಲ್ಲೇ ಮಲಗಬೇಕು. ಬಸುರಿಯರು ಗೇಟಿನ ಕಡೆ ಸುಳಿಯುವುದೂ ಇಲ್ಲ. ಹೊಟ್ಟೆಯಲ್ಲಿದ್ದದ್ದು ಬೇಡವಾದ ಹೆಣ್ಣು ಮಾತ್ರ ಯಾರಿಗೂ ಹೇಳದೆ ಗಾಡಿ ಹತ್ತುತ್ತಾಳೆ. ಹಾಗೆ ಹೋದವರು ಸಾಮಾನ್ಯವಾಗಿ ಬರಿದಾಗಿ ಆಚೆ ಇಳಿಯುತ್ತಾರೆ. ಒಮ್ಮೆ ಮಾತ್ರ ಗಾಡಿ ಆಚೆಯ ಗೇಟಿಗೆ ಒರಗಿ ನಿಂತಾಗ ಸೀಟಿನ ಮೇಲೆ ಕೂಸೊಂದೇ ಅಳುತ್ತಾ ಇತ್ತಂತೆ.

ಇಷ್ಟೆಲ್ಲ ಇದ್ದರೂ ನನ್ನ ಗಂಡ ಸ್ಟೇರಿಂಗ್ ಮುಟ್ಟಿದವರಲ್ಲ. ಟೀಚರ್ ಗಂಡನಿಗೇ ಡ್ರೈವಿಂಗ್ ಬರುವುದಿಲ್ಲ ಎಂದು ಊರೆಲ್ಲ ನಗುತ್ತಿತ್ತು, ನಾನೂ ಸೇರಿಕೊಂಡು ನಗುತ್ತಿದ್ದೆ. ಅವರಿಗೆ ಜೌಗೆಂದರೆ ಜೀವಭಯ. ಮದುವೆಯಾಗಿ ಇಪ್ಪತ್ತು ವರ್ಷವಾಗುತ್ತಾ ಬಂದರೂ ಅವರು ಊರಿನ ಗೇಟು ದಾಟಿರಲಿಲ್ಲ. ನಮಗೆ ಮಕ್ಕಳಾಗಿರಲಿಲ್ಲ. ಮೊದಮೊದಲು ಹರಕೆ, ಔಷಧಿ ಎಲ್ಲ ಮಾಡಿ, ಆಮೇಲೆ ಆ ಮಾತನ್ನೇ ಬಿಟ್ಟಿದ್ದೆವು.

ಮುಟ್ಟು ನಿಂತಾಗ ವಯಸ್ಸಾಯಿತು ಬಿಡು ಎಂದುಕೊಂಡೆ. ಆಮೇಲೆ ಹೊಟ್ಟೆ ಗಟ್ಟಿಯಾಗತೊಡಗಿತು. ಅನ್ನ ಸೇರುತ್ತಿರಲಿಲ್ಲ, ಮುಖ ಬಾಡಿತ್ತು. ನಮ್ಮೂರಿನಲ್ಲಿ ಡಾಕ್ಟರು ನಿಲ್ಲುವುದಿಲ್ಲ, ಇರುವವರು ಕಾಂಪೌಂಡರ್ ಫಕ್ರುದ್ದೀನ್. ಅವರು ಹೊಟ್ಟೆ ಒತ್ತಿ ನೋಡಿ, ಕೈ ತೊಳೆದುಕೊಂಡು, ಬಹಳ ಹೊತ್ತು ಕೈ ಒರೆಸಿಕೊಳ್ಳುತ್ತಾ ನಿಂತರು.

"ಅಂಬುಜಕ್ಕಾ, ಗಡ್ಡೆ ಅದು. ಬೇಗ ಬೇಗ ಬೆಳೀತಾ ಇದೆ. ನಾಳೆ ನಾಡಿದ್ದು ಅನ್ನದೆ ಆಚೆಗೆ ಹೋಗಿ ಕೊಯ್ಸಿಕೊಂಡುಬಿಡಿ. ಗಾಡಿ ಓಡಿಸೋ ಶಕ್ತಿ ಇರುವಾಗಲೇ ಹೋಗಬೇಕು ನೋಡಿ."

ನನ್ನ ತಾಯಿ ಇಂಥದೇ ಗಡ್ಡೆಯಲ್ಲಿ ಸತ್ತವಳು. ಅವಳಿಗೆ ಓಡಿಸುವ ಶಕ್ತಿ ಉಳಿದಿರಲಿಲ್ಲ. ನನಗೆ ಸಾಯಲು ಮನಸ್ಸಿರಲಿಲ್ಲ, ಅದನ್ನು ಮುಚ್ಚಿಟ್ಟು ಹೇಳುವುದೇನಿದೆ. ಮರುದಿನವೇ ಹೊರಟೆ. ತಿಮ್ಮರಾಜು ಗೇಟಿನವರೆಗೂ ಗಾಡಿಯ ಪಕ್ಕದಲ್ಲಿ ನಡೆದು ಬಂದರು. ಬುತ್ತಿ, ನೀರು, ಎರಡು ಸೀರೆ ಇಟ್ಟುಕೊಟ್ಟರು. "ನಾನು ಕಲ್ತಿದ್ರೆ ಹಿಂದೆ ಇನ್ನೊಂದು ಗಾಡೀಲಿ ಬರ್ತಿದ್ದೆ" ಎಂದರು. "ಕಲ್ತಿದ್ರೆ ತಾನೇ" ಎಂದೆ. ಆ ಹೊತ್ತಿನಲ್ಲೂ ನನ್ನ ನಾಲಿಗೆ ಸುಮ್ಮನಿರಲಿಲ್ಲ.

ಗೇಟು ಕಾಯುವ ದಾಸಪ್ಪ ಎಂದಿನಂತೆ ಡಿಕ್ಕಿ ತೆಗೆಸಿ ನೋಡಿದ. ಸೀಟಿನಡಿಗೆ ಕೋಲು ಹಾಕಿ ತಿವಿದ. ಆಮೇಲೆ ಕೇಳಲೇಬೇಕಾದ ಮಾತು ಕೇಳಿದ.

"ಒಬ್ಬರೇನಾ ಟೀಚರಮ್ಮ?"

"ಒಬ್ಬಳೇ" ಎಂದೆ.

ಜೌಗಿನ ರಸ್ತೆ ಚೆಂದವಿಲ್ಲ ಎಂದು ಯಾರೂ ಹೇಳಲಾರರು. ಎರಡೂ ಕಡೆ ಆಳೆತ್ತರದ ಜೊಂಡು, ಅದರ ಹಿಂದೆ ಟೀ ಡಿಕಾಕ್ಷನ್ನಿನ ಬಣ್ಣದ ನೀರು. ನೀರಿನಲ್ಲಿ ಸೊಂಟದವರೆಗೆ ಮುಳುಗಿ ನಿಂತ ಮರಗಳು. ಮರಗಳ ತುದಿಯಲ್ಲಿ ಹಾವಕ್ಕಿಗಳು ರೆಕ್ಕೆ ಬಿಚ್ಚಿ ಒಣಗಿಸಿಕೊಳ್ಳುತ್ತಿದ್ದವು. ಕೆಸರಿನ ದಿಣ್ಣೆಯ ಮೇಲೆ ಮೊಸಳೆಗಳು ಬಾಯಿ ತೆರೆದು ಬಿಸಿಲು ಕಾಯುತ್ತಿದ್ದವು, ಅವುಗಳ ಬೆನ್ನ ಮೇಲೇ ಬೆಳ್ಳಕ್ಕಿಗಳು ಓಡಾಡುತ್ತಿದ್ದವು. ಹೊಸಬರಿಗೆ ನಾನು ಹೇಳಿಕೊಡುವ ಮೊದಲ ಪಾಠ, ರಸ್ತೆಯ ಜೊತೆಗೆ ಪ್ರಾಣಿಗಳನ್ನೂ ನೋಡುತ್ತಿರಿ ಎಂಬುದು. ಒಬ್ಬರೇ ಹೋಗುವ ಗಾಡಿಯನ್ನು ಜೌಗಿನ ಪ್ರಾಣಿಗಳು ಕಣ್ಣೆತ್ತಿಯೂ ನೋಡುವುದಿಲ್ಲ. ಇಬ್ಬರಿದ್ದರೆ ನೋಡುತ್ತವೆ. ನೋಡಿದರೆ ಏನು ಮಾಡಬೇಕು ಎಂದು ಮಾತ್ರ ನಾನು ಕಲಿಸುತ್ತಿರಲಿಲ್ಲ, ಯಾಕೆಂದರೆ ಮಾಡುವುದಕ್ಕೆ ಏನೂ ಇಲ್ಲ.

ಮೊದಲು ನೋಡಿದ್ದು ಒಂದು ನೀರುನಾಯಿ. ಮೀನು ಕಚ್ಚಿಕೊಂಡು ದಡಕ್ಕೆ ಬಂದದ್ದು, ಮೀನನ್ನು ಬಿಟ್ಟು, ಹಿಂಗಾಲಿನ ಮೇಲೆ ನಿಂತು ನನ್ನ ಗಾಡಿಯನ್ನೇ ನೋಡಿತು. ಏನೋ ಕಾಕತಾಳೀಯ ಎಂದುಕೊಂಡು ಮುಂದೆ ಹೋದೆ. ತಿರುವಿನಲ್ಲಿ ಸಾಲಾಗಿ ನಿಂತಿದ್ದ ಕೊಕ್ಕರೆಗಳು ಒಟ್ಟಿಗೇ ಕತ್ತು ಹೊರಳಿಸಿದವು. ಹಾವಕ್ಕಿಗಳು ಬಿಚ್ಚಿದ ರೆಕ್ಕೆಯನ್ನು ಮಡಚಿಕೊಂಡು ಕೆಳಗೆ ನೋಡಿದವು. ಮೊಸಳೆಗಳು ಬಾಯಿ ಮುಚ್ಚಿದವು. ನೀರಿನ ಮೇಲೆ ಆಮೆಗಳ ತಲೆಗಳು ಒಂದೊಂದಾಗಿ ಎದ್ದವು. ಅಷ್ಟು ಹೊತ್ತೂ ಕಿವಿ ತುಂಬಿದ್ದ ಹಕ್ಕಿಗಳ ಗಲಾಟೆ ಪೂರ್ತಿ ನಿಂತು, ನನ್ನ ಇಂಜಿನ್ನಿನ ಸದ್ದು ಒಂದೇ ಉಳಿಯಿತು.

ಗಾಡಿ ನಿಲ್ಲಿಸಿದೆ. ಡಿಕ್ಕಿ ನೋಡಿದೆ, ಸೀಟಿನಡಿ ನೋಡಿದೆ, ಹೆದರಿ ಹೆದರಿ ಚಕ್ರಗಳ ಹಿಂದೆಯೂ ನೋಡಿದೆ. ಯಾರೂ ಇರಲಿಲ್ಲ. "ಯಾರಿದೀರಾ, ಹೊರಗೆ ಬನ್ನಿ!" ಎಂದು ಹುಚ್ಚಿಯ ಹಾಗೆ ಕೂಗಿದೆ. ಹಾಗೆ ಕೂಗಿದಾಗ ಹೊಟ್ಟೆಯ ಒಳಗೆ ಏನೋ ಒದೆಯಿತು. ಮೊದಲೂ ಹಾಗಾಗಿದ್ದುಂಟು, ಗ್ಯಾಸೆಂದು ಜೀರಿಗೆ ಕಷಾಯ ಕುಡಿದಿದ್ದೆ. ಈಗ ರಸ್ತೆಯ ಮಧ್ಯೆ ಹೊಟ್ಟೆ ಹಿಡಿದುಕೊಂಡು ನಿಂತೆ. ಅದು ಮತ್ತೆ ಒದೆಯಿತು. ಗಡ್ಡೆ ಒದೆಯುವುದಿಲ್ಲ.

ಆಗ ನನಗಾದ ಸಂತೋಷವನ್ನು ಹೇಗೆ ಹೇಳಲಿ. ನಾನು ಸಾಯುವುದಿಲ್ಲ, ನಾನು ಬಸುರಿ. ಅಲ್ಲೇ ಕೂತು ಜೋರಾಗಿ ನಕ್ಕೆ. ಆ ನಗು ಮುಗಿಯುವ ಮೊದಲೇ ಎಲ್ಲ ಅರ್ಥವಾಯಿತು. ಮುಂದೆ ಹೋದರೂ ಗೇಟು, ಹಿಂದೆ ಹೋದರೂ ಗೇಟು. ಯಾವ ಗೇಟು ದಾಟಿದರೂ ನಮ್ಮಿಬ್ಬರಲ್ಲಿ ಒಬ್ಬರೇ ದಾಟುತ್ತೇವೆ. ನೂರಾರು ಕಣ್ಣುಗಳು ನನ್ನನ್ನು ನೋಡುತ್ತಿದ್ದವು, ಅವಕ್ಕೆ ಅವಸರವೇನೂ ಇರಲಿಲ್ಲ.

ದಾರಿಯ ನಡುಮಧ್ಯದಲ್ಲಿ ಒಂದು ದಿಬ್ಬವಿದೆ. ಹಳೆಯ ಕಾಲದಲ್ಲಿ ರಸ್ತೆ ಕಟ್ಟಿದವರು ಕಲ್ಲುಮಣ್ಣು ರಾಶಿ ಹಾಕಿದ್ದ ಜಾಗ, ಈಗ ಇಂಜಿನ್ ಬಿಸಿಯಾದರೆ ಗಾಡಿ ನಿಲ್ಲಿಸಿಕೊಳ್ಳುತ್ತಾರೆ. ಒಂದು ಹೊಂಗೆ ಮರ, ಒಂದು ತಗಡಿನ ಚಪ್ಪರ, ಸುತ್ತ ಮುಳ್ಳಿನ ಬೇಲಿ. ಅಲ್ಲಿಯವರೆಗೆ ಓಡಿಸಿಕೊಂಡು ಹೋಗಿ ಇಂಜಿನ್ ಆಫ್ ಮಾಡಿದೆ. ಎಲ್ಲಿಗೂ ತಲುಪದಿದ್ದರೆ ಇಬ್ಬರೂ ಇರುತ್ತೇವೆ. ನನಗೆ ಹೊಳೆದ ಉಪಾಯ ಅದೊಂದೇ. ಆ ದಿನ ಆ ದಾರಿಯಲ್ಲಿ ಬಂದ ಹಾಲಿನ ಗಾಡಿಯವನ ಹತ್ತಿರ, ನಾನು ಬಸುರಿ, ದಿಬ್ಬದಲ್ಲೇ ಇದ್ದೇನೆ ಎಂದು ಗಂಡನಿಗೆ ಹೇಳಿಕಳಿಸಿದೆ.

ತಿಮ್ಮರಾಜು ಬರಲು ಒಂದು ವಾರ ಹಿಡಿಯಿತು. ನನ್ನ ಶಿಷ್ಯರಲ್ಲೊಬ್ಬ ಹಗಲೆಲ್ಲ ಊರಿನ ಮೈದಾನದಲ್ಲಿ ಸುತ್ತಿಸಿ ಅವರಿಗೆ ಗಾಡಿ ಕಲಿಸಿದ್ದನಂತೆ. ಫಸ್ಟ್ ಗೇರಿನಲ್ಲೇ ಇಂಜಿನ್ ಅರಚಿಸಿಕೊಂಡು ಬಂದರು. ಎರಡೂ ಕನ್ನಡಿ ಮುರಿದಿದ್ದವು. ಇಳಿದು ಬಂದವರು ನನ್ನ ಮುಖ ನೋಡಿದರೇ ಹೊರತು ಹೊಟ್ಟೆಯ ಕಡೆ ಕಣ್ಣು ಹಾಯಿಸಲಿಲ್ಲ.

"ಆಚೆಗೆ ಹೋಗ್ಬಿಡು ಅಂಬುಜಾ" ಎಂದರು. "ಎಲ್ಲರೂ ಹೇಳ್ತಾರೆ, ಉಳಿಯೋದು ತಾಯೀನೇ ಅಂತ. ನೀನು ಬಂದ್ರೆ ಸಾಕು ನನಗೆ."

"ಒಂದ್ಸಲ ಕೂಸು ಉಳಿದಿತ್ತಲ್ಲ?"

"ಅದು ಒಂದ್ಸಲ. ಇಷ್ಟು ವರ್ಷ ನಾವು ಇಬ್ಬರೇ ಇರಲಿಲ್ವಾ? ಚೆನ್ನಾಗೇ ಇದ್ವಲ್ಲ."

"ಇದ್ವು. ಈಗ ಮೂವರಿದೀವಿ ಕಣ್ರೀ."

"ಹೆತ್ತ ಮೇಲೆ? ಕೂಸನ್ನ ಹೇಗೆ ಕರ್ಕೊಂಡು ಬರ್ತೀಯ? ಅದು ಗಾಡಿ ಓಡ್ಸುತ್ತಾ?"

"ಓಡ್ಸುತ್ತೆ. ಕಾಲು ಎಟುಕಲಿ. ಅಲ್ಲೀವರೆಗೆ ಇಲ್ಲೇ ಇರ್ತೀನಿ."

ಅವರು ಹೊಂಗೆ ಮರಕ್ಕೆ ಒರಗಿ ಕೂತು ಅತ್ತರು. ನನಗೆ ಸಿಟ್ಟು ಬಂತು. ಕೂಸು ಬೇಡವೆಂದದ್ದಕ್ಕಲ್ಲ, ಅವರ ಲೆಕ್ಕವೇ ಸರಿಯಾಗಿತ್ತು ಎಂಬುದಕ್ಕೆ ಸಿಟ್ಟು ಬಂತು. ಕತ್ತಲಾಗುವ ಮೊದಲು ಹೊರಡಿ ಎಂದು ಗದರಿದೆ. ರಿವರ್ಸ್ ತೆಗೆಯಲು ಅವರಿಗೆ ಬರುತ್ತಿರಲಿಲ್ಲ. ಗಾಡಿಯನ್ನು ನಾನೇ ತಿರುಗಿಸಿ ಕೊಟ್ಟೆ.

ಆಮೇಲೆ ಅವರು ವಾರಕ್ಕೊಮ್ಮೆ ಬಂದರು. ಅಕ್ಕಿ, ಬೇಳೆ, ಸೀಮೆಎಣ್ಣೆ, ಗೋಡೆಗೆ ಹಲಗೆ ತಂದು ಚಪ್ಪರವನ್ನು ಮನೆಯಾಗಿ ಮಾಡಿದರು. ಹೋಗಿಬರುವವರು ಸೊಪ್ಪು, ಹಾಲು, ಹಳೆಯ ಬಟ್ಟೆ ಬೇಲಿಯ ಮೇಲೆ ಇಟ್ಟು ಹಾರ್ನ್ ಹೊಡೆದು ಹೋಗುತ್ತಿದ್ದರು. ಸೂಲಗಿತ್ತಿ ಕರೀಂಬೀ ಎಪ್ಪತ್ತರ ವಯಸ್ಸಿನಲ್ಲಿ ಒಬ್ಬರೇ ಗಾಡಿ ಓಡಿಸಿಕೊಂಡು ಬಂದು, ಹೆರಿಗೆಯಾಗುವವರೆಗೂ ನನ್ನ ಜೊತೆ ಉಳಿದರು. ಅಷ್ಟು ದಿನವೂ ಬೇಲಿಯ ಆಚೆ ಕೊಕ್ಕರೆ, ಆಮೆ, ಮೊಸಳೆಗಳು ನನ್ನನ್ನೇ ನೋಡುತ್ತಿದ್ದವು. ಮಗಳು ಹುಟ್ಟಿ, ಕರೀಂಬೀ ಹೊಕ್ಕುಳಬಳ್ಳಿ ಕತ್ತರಿಸಿದ್ದೇ ಅವೆಲ್ಲ ಮುಖ ತಿರುಗಿಸಿಕೊಂಡು ತಮ್ಮ ಹೊಟ್ಟೆಪಾಡಿಗೆ ಹೋದವು. ಮಗಳಿಗೆ ಮಂದಾರ ಎಂದು ಹೆಸರಿಟ್ಟೆವು. ಬೇಡವೆಂದಿದ್ದ ಅಪ್ಪ ಅವಳನ್ನು ಎತ್ತಿಕೊಂಡರೆ ಕೆಳಗಿಳಿಸುತ್ತಿರಲಿಲ್ಲ.

ಮಂದಾರ ದಿಬ್ಬದ ಮೇಲೇ ತೆವಳಿದಳು, ನಡೆದಳು. ಅವಳ ಲೋಕವೆಂದರೆ ಬೇಲಿಯ ಒಳಗಿನ ಅಷ್ಟು ನೆಲ. ಅಂಗಡಿ, ಶಾಲೆ, ಬೀದಿ ಎಂಬುದೆಲ್ಲ ಅವಳಿಗೆ ನಾನು ಹೇಳಿದ ಕಥೆ. ಗಾಡಿಯನ್ನು ಮಾತ್ರ ಅವಳು ಚೆನ್ನಾಗಿ ಬಲ್ಲಳು. ತೊಡೆಯ ಮೇಲೆ ಕೂರಿಸಿಕೊಂಡು ಮರದ ಸುತ್ತ ಸುತ್ತಿಸುವಾಗ ಪ್ರಾಣಿಗಳು ತಲೆ ಎತ್ತುತ್ತಿದ್ದವು. "ಅಮ್ಮಾ, ನಮ್ಮನ್ನ ನೋಡ್ತಾ ಇವೆ" ಎಂದು ಅವಳು ಕೈ ಬೀಸುತ್ತಿದ್ದಳು. ಅವು ಯಾಕೆ ನೋಡುತ್ತವೆ ಎಂಬುದನ್ನು, ಅನ್ನ ಕಲಸಿ ತಿನ್ನಿಸುವಾಗೆಲ್ಲ ಹೇಳಿ ಹೇಳಿ, ಕೊನೆಗೂ ತಲೆಗೆ ಹತ್ತಿಸಿದೆ.

ಕಾಲು ಬ್ರೇಕಿಗೆ ಎಟುಕಲು ಹನ್ನೊಂದಾದರೂ ತುಂಬಲಿ ಎಂದು ಕಾಯುತ್ತಿದ್ದೆ. ಅವಳಿಗೆ ಎಂಟು ನಡೆಯುತ್ತಿದ್ದಾಗ ಜೌಗಿನ ನೀರು ಏರತೊಡಗಿತು. ಬೇಲಿ ಮುಳುಗಿತು. ಒಂದು ಬೆಳಿಗ್ಗೆ ಬಾಗಿಲು ತೆಗೆದರೆ ಹೊಸ್ತಿಲಿಗೆ ಅಡ್ಡವಾಗಿ ಮೊಸಳೆ ಮಲಗಿತ್ತು, ಕಟ್ಟಿಹಾಕಿದ್ದ ಆಡು ಇರಲಿಲ್ಲ. ಇನ್ನು ಕಾಯುವಂತಿರಲಿಲ್ಲ. ತಿಮ್ಮರಾಜು ತಮ್ಮ ಗಾಡಿಯ ಹಿಂದೆ ಒಂದು ಪುಟ್ಟ ಗಾಡಿಯನ್ನು ಖಾಲಿಯಾಗಿ ಕಟ್ಟಿಕೊಂಡು ಎಳೆದು ತಂದರು. ಸೀಟು ಎತ್ತರಿಸಿ, ಪೆಡಲುಗಳಿಗೆ ಮರದ ತುಂಡು ಬಿಗಿದಿದ್ದರು. ಅದು ಅವರ ಕೈಯಿಂದ ಆದ ಎಲ್ಲಕ್ಕಿಂತ ಒಳ್ಳೆಯ ಕೆಲಸ.

"ನೀವು ಮುಂದೆ ಹೋಗಿ, ಇವಳು ಮಧ್ಯೆ ಇರಲಿ, ನಾನು ಹಿಂದೆ ಬರ್ತೀನಿ" ಎಂದೆ.

ಅವರು ಅಡ್ಡಡ್ಡ ತಲೆಯಾಡಿಸಿದರು. "ನಾನು ಬೇಡ. ದಾರೀಲಿ ಅವಳು ಅತ್ತರೆ ನಾನು ಬಾಗಿಲು ತೆಗೆದುಬಿಡ್ತೀನಿ. ನನ್ನ ಮೇಲೆ ನನಗೇ ನಂಬಿಕೆ ಇಲ್ಲ. ಗೇಟಲ್ಲಿ ನಿಂತಿರ್ತೀನಿ." ಹಾಗೆಂದು ನಾವು ಹೊರಡುವ ಹಿಂದಿನ ದಿನವೇ ಹೊರಟುಹೋದರು.

ಬೆಳಕು ಚೆನ್ನಾಗಿ ಹರಿದ ಮೇಲೆ ಹೊರಟೆವು. ಅವಳು ಮುಂದೆ, ನಾನು ಹಿಂದೆ. ಮಂದಾರ ನಾನು ಹೇಳಿಕೊಟ್ಟದ್ದಕ್ಕಿಂತ ಚೆನ್ನಾಗಿ ಓಡಿಸಿದಳು. ತಿರುವುಗಳಲ್ಲಿ ನಿಧಾನ, ನೇರದಲ್ಲಿ ಒಂದೇ ವೇಗ. ಹಿಂದಿನ ಗಾಜಿನಲ್ಲಿ ಅವಳ ಎರಡು ಜಡೆ ಕಾಣುತ್ತಿದ್ದವು. ಕೊಕ್ಕರೆಗಳು ಕೆಸರು ಕೆದಕುತ್ತಾ ತಮ್ಮ ಪಾಡಿಗೆ ಇದ್ದವು. ನಾನು ಅವಳ ಜಾಡಿನಲ್ಲೇ ಬರುತ್ತಿದ್ದೆ. ಊರಿನ ಗೇಟಿನ ಕೆಂಪು ಬಾವುಟ ಜೊಂಡಿನ ಮೇಲೆ ಇಣುಕುವಷ್ಟು ಹತ್ತಿರ ಬಂದಾಗ ರಸ್ತೆಯ ಮೇಲೆ ನೀರು ಹರಿಯುತ್ತಿತ್ತು, ಆ ನೀರಿನಲ್ಲಿ ಮೊಸಳೆಯೊಂದು ದಾಟುತ್ತಿತ್ತು. ಮಂದಾರ ಗಕ್ಕನೆ ಬ್ರೇಕ್ ಹಾಕಿದಳು. ಇಂಜಿನ್ ನಿಂತುಹೋಯಿತು.

ಮೊಸಳೆ ದಾಟಿ ಹೋಯಿತು. ಅವಳು ಮತ್ತೆ ಸ್ಟಾರ್ಟ್ ಮಾಡಲಿಲ್ಲ. ಹಾರ್ನ್ ಹೊಡೆದೆ. ಬಾಗಿಲು ತೆರೆಯಿತು, ಅವಳು ಇಳಿದಳು. ನನ್ನ ಕಡೆಗೆ ಓಡಿ ಬಂದಳು.

ನಾನು ಬಾಗಿಲಿನ ಲಾಕ್ ಒತ್ತಿದೆ. ಗಾಜು ಏರಿಸಿದೆ.

"ಅಮ್ಮಾ, ನಂಗೆ ಭಯ ಆಗ್ತಿದೆ. ತೆಗಿ ಅಮ್ಮಾ."

"ಗಾಡಿಗೆ ಹೋಗು ಮಂದಾರ."

"ನಿನ್ನ ಹತ್ರ ಕೂರ್ತೀನಿ. ಇಷ್ಟೇ ದೂರ ಅಲ್ವಾ, ಬಾವುಟ ಕಾಣ್ತಿದೆ. ತೆಗಿ."

ಅವಳ ಕೈ ಹಿಡಿಕೆಯ ಮೇಲಿತ್ತು. ಜೊಂಡಿನ ಅಂಚಿನಲ್ಲಿ ಕೊಕ್ಕರೆಗಳು ಒಂದೊಂದಾಗಿ ಕತ್ತೆತ್ತಿದವು. ಬಾಗಿಲು ತೆಗೆದು ಅವಳನ್ನು ಎದೆಗೊತ್ತಿಕೊಳ್ಳಬೇಕೆಂದು ನನ್ನ ಕೈ ಲಾಕಿನವರೆಗೂ ಹೋಗಿ ಬಂತು. ಎಂಟು ವರ್ಷ ಪಕ್ಕದಲ್ಲಿ ಮಲಗಿಸಿಕೊಂಡ ಮಗು. ಒಳಗೆ ಬಂದರೆ ಬಾವುಟದ ಹತ್ತಿರ ನಾನೊಬ್ಬಳೇ ಇರುತ್ತೇನೆ, ಅಥವಾ ಅವಳೊಬ್ಬಳೇ. ಒಳಗೆ ಬರದೆ ಅಲ್ಲೇ ನಿಂತರೆ ಮೊಸಳೆ ಮತ್ತೆ ಬರುತ್ತದೆ.

"ಇಲ್ಲಿಗೆ ಬಂದ್ರೆ ಹೊಡೀತೀನಿ!" ಎಂದು ಅರಚಿದೆ. "ಹೋಗು! ನೀನು ನನಗೆ ಬೇಡ! ಹೋಗು ಇಲ್ಲಿಂದ!"

ಜನ್ಮದಲ್ಲಿ ಅವಳಿಗೆ ಅಂಥ ಮಾತು ಆಡಿರಲಿಲ್ಲ. ಅವಳು ಎರಡೂ ಅಂಗೈಯಲ್ಲಿ ಗಾಜನ್ನು ಬಡಿದಳು. ಅತ್ತಳು, ಬೇಡಿಕೊಂಡಳು. ನಾನು ಮುಖ ಆಚೆ ತಿರುಗಿಸಿಕೊಂಡು ಹಾರ್ನಿನ ಮೇಲಿಂದ ಕೈ ತೆಗೆಯಲಿಲ್ಲ. ಎಷ್ಟೋ ಹೊತ್ತಿನ ಮೇಲೆ ಬಡಿತ ನಿಂತಿತು. ತಿರುಗಿ ನೋಡಿದಾಗ ಅವಳು ನೀರಿನಲ್ಲಿ ಕಾಲೆಳೆದುಕೊಂಡು ತನ್ನ ಗಾಡಿಗೆ ಹತ್ತುತ್ತಿದ್ದಳು. ಅಳುತ್ತಲೇ ಸ್ಟಾರ್ಟ್ ಮಾಡಿದಳು. ಗಾಡಿ ಎರಡು ಸಲ ಕುಪ್ಪಳಿಸಿ, ನೀರು ಸೀಳಿಕೊಂಡು ಹೊರಟಿತು.

ಗೇಟಿನಲ್ಲಿ ಅರ್ಧ ಊರು ನೆರೆದಿತ್ತು. ಅವಳ ಗಾಡಿ ದಾಟಿತು, ಹಿಂದೆಯೇ ನನ್ನದು ದಾಟಿತು. ಜನ ಕೂಗಿದರು, ಕರೀಂಬೀ ನೆಟಿಗೆ ತೆಗೆದರು, ದಾಸಪ್ಪ ಕೋಲು ಬಿಸಾಡಿ ಕುಣಿದ. ತಿಮ್ಮರಾಜು ಮಗಳನ್ನು ಸೀಟಿನಿಂದ ಎತ್ತಿ ಹೆಗಲಿಗೆ ಹಾಕಿಕೊಂಡರು. ನಾನು ಇಳಿದು ಕೈ ಚಾಚಿಕೊಂಡು ಹತ್ತಿರ ಹೋದೆ.

ಮಂದಾರ ಅಪ್ಪನ ಕತ್ತನ್ನು ಬಿಗಿಯಾಗಿ ಹಿಡಿದುಕೊಂಡಿದ್ದಳು. ಯಾಕೆ ಬಾಗಿಲು ತೆಗೆಯಲಿಲ್ಲ ಎಂಬುದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಅವಳಿಗೂ ಗೊತ್ತಿತ್ತು, ನಾನೇ ಕಲಿಸಿದ ಪಾಠ ಅದು.

"ಅಪ್ಪಾ" ಎಂದಳು ನನ್ನನ್ನು ನೋಡುತ್ತಾ, "ಇವರು ನಮ್ಮ ಮನೆಗೆ ಬರ್ತಾರಾ?"